ಕೊಪ್ಪಳದಲ್ಲಿ ಎರಡು ದಿನ ಇರೋದು ಹೇಗೆ

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಂದ ಬರುವವರಲ್ಲಿ ಬಹಳ ಜನ ಹೊಸಪೇಟೆಯಲ್ಲೇ ಇಳಿದುಬಿಡುತ್ತಾರೆ. ನೀವು ಇಳಿಯಬೇಡಿ. ಇನ್ನೊಂದಿಷ್ಟು ಹೊತ್ತು ಸೀಟಲ್ಲೇ ಕೂತಿರಿ. ತುಂಗಭದ್ರೆ ದಾಟಿ, ಮುನಿರಾಬಾದ್ ದಾಟಿ, ಗಿಣಿಗೇರಾ ಆದ ಮೇಲೆ ಕೊಪ್ಪಳ ಬರುತ್ತದೆ.

ಮೊದಲೇ ಒಂದು ಮಾತು. ಈ ಊರಿನ ಟೈಮ್‌ಟೇಬಲ್ ಬರೆಯುವುದು ಬಿಸಿಲು. ಸುತ್ತ ಎಲ್ಲಿ ನೋಡಿದರೂ ಬಂಡೆ, ಹತ್ತು ಗಂಟೆ ಆಗುವಷ್ಟರಲ್ಲಿ ಅವು ಕಾಯೋಕೆ ಶುರು. ಬಂಡೆ ಕಾಯುವ ಮೊದಲು ಬೆಟ್ಟ ಹತ್ತಿ ಇಳಿದುಬಿಡಬೇಕು, ಮಧ್ಯಾಹ್ನ ನೆರಳು ಹುಡುಕಬೇಕು, ಸಂಜೆ ಮತ್ತೆ ಹೊರಗೆ ಬರಬೇಕು. ಇಷ್ಟು ಪಾಲಿಸಿದರೆ ನವೆಂಬರಿನಿಂದ ಫೆಬ್ರವರಿವರೆಗೆ ಯಾವಾಗ ಬಂದರೂ ಚೆನ್ನ. ಏಪ್ರಿಲ್, ಮೇ ಬೇಡ್ರಿ, 40 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ.

ಬಂದ ದಿನ ಮೊದಲು ತಿಂಡಿ. ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿಯದು, ಜೊತೆಗೆ ಬಿಸಿ ಮಿರ್ಚಿ ಬಜ್ಜಿ. ಬೆಳಿಗ್ಗೆ ಬೆಳಿಗ್ಗೆ ಮಿರ್ಚಿನಾ ಅಂತ ಮೈಸೂರು ಕಡೆಯವರು ಕಣ್ಣರಳಿಸುತ್ತಾರೆ, ಆಮೇಲೆ ಎರಡನೇ ಪ್ಲೇಟ್ ಕೇಳುವವರೂ ಅವರೇ. ದೊಡ್ಡ ಹೋಟೆಲು ಹುಡುಕಬೇಡಿ, ಬಾಣಲೆ ಮುಂದೆ ಜನ ನಿಂತಿರುವ ಗಾಡಿ ನೋಡಿ ನಿಲ್ಲಿ.

ಅದೇ ಬೆಳಿಗ್ಗೆ ಗವಿಮಠಕ್ಕೆ ಹೋಗಿ. ಮಠ ಬೆಟ್ಟದ ಮೇಲೆ, ಬಂಡೆಗಳ ನಡುವೆ ಇದೆ. ಎಲ್ಲರೂ ಗವಿಸಿದ್ಧೇಶ್ವರನ ದರ್ಶನ ಮಾಡಿ ವಾಪಸ್ ಆಗುತ್ತಾರೆ. ನೀವು ಹಾಗೇ ಬರಬೇಡಿ, ಅಶೋಕನ ಶಾಸನ ಎಲ್ಲಿ ಅಂತ ಕೇಳಿ. 1931ರಲ್ಲಿ ಬೆಳಕಿಗೆ ಬಂದ ಶಾಸನ ಅದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಓದೋಕೆ ಬರಲ್ಲ ಸರಿ, ಆದರೆ ಅದರಲ್ಲಿ ಏನಿದೆ ಅಂತ ಗೊತ್ತಿದ್ದರೆ ನೋಡುವ ರೀತಿಯೇ ಬೇರೆ. ಸಣ್ಣವರಿರಲಿ ದೊಡ್ಡವರಿರಲಿ, ಪ್ರಯತ್ನಪಟ್ಟರೆ ಎಲ್ಲರಿಗೂ ಫಲ ಸಿಗುತ್ತದೆ ಅಂತ ರಾಜನೊಬ್ಬ 2,200 ವರ್ಷಗಳ ಹಿಂದೆ ಬಂಡೆ ಮೇಲೆ ಕೊರೆಸಿಟ್ಟಿದ್ದಾನೆ. ಇಂಥದ್ದೇ ಇನ್ನೊಂದು ಶಾಸನ ಹತ್ತಿರದ ಪಾಲ್ಕಿಗುಂಡಿನಲ್ಲಿದೆ, ಅದು ಬಹಳ ಸವೆದಿದೆ. ಆದರೂ ಹತ್ತಿ. ಎರಡು ದೊಡ್ಡ ಬಂಡೆಗಳ ಮೇಲೆ ಒಂದು ಚಪ್ಪಡಿ ಕೂತು ಪಲ್ಲಕ್ಕಿ ಥರ ಕಾಣುತ್ತದೆ, ಹೆಸರು ಬಂದಿದ್ದು ಅದರಿಂದಲೇ. ಚಪ್ಪಲಿ ಬೇಡ, ಶೂ ಹಾಕಿ, ನೀರು ಜಾಸ್ತಿ ಇಟ್ಟುಕೊಳ್ಳಿ.

ಈ ಬೆಟ್ಟಗಳಲ್ಲಿ ಜೈನ ಶಾಸನಗಳೂ ಇವೆ. ಆಗಿನ ಹೆಸರು ಕೊಪಣ, ಜೈನರಿಗೆ ದೊಡ್ಡ ತೀರ್ಥ. ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ ನಾಡು ಯಾವುದು ಅಂತ ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ನಮ್ಮ ಮಾತು ಒರಟು ಅಂತ ಯಾರಾದರೂ ನಕ್ಕರೆ ನಾನು ಇದನ್ನೇ ಮುಂದಿಡುತ್ತೇನೆ!

ಮಧ್ಯಾಹ್ನ ಮಠದ ದಾಸೋಹದಲ್ಲಿ ಕೂತುಬಿಡಿ. "ಊಟ ಮಾಡಿ ಹೋಗ್ರಿ" ಅಂತ ಕರೆದರೆ ಸಂಕೋಚ ಬೇಡ. ಜನವರಿ ಸುಮಾರಿಗೆ ಬರುವ ಬನದ ಹುಣ್ಣಿಮೆ ಕಳೆದ ಮೇಲೆ ಇಲ್ಲಿ ಜಾತ್ರೆ, ಆಗ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ತೇರು ನೋಡಬೇಕು ಅಂದರೆ ರೂಮು ತುಂಬಾ ಮೊದಲೇ ಹಿಡಿಯಿರಿ. ಗದ್ದಲ ಆಗದವರು ಆ ವಾರ ಬಿಟ್ಟು ಬನ್ನಿ.

ಸಂಜೆ ಕೋಟೆ. 1786ರಲ್ಲಿ ಟಿಪ್ಪು ಇದನ್ನು ಹಿಡಿದು ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. 1790ರಲ್ಲಿ ನಿಜಾಮರ ಮತ್ತು ಇಂಗ್ಲಿಷರ ಸೈನ್ಯ ಮುತ್ತಿಗೆ ಹಾಕಿದರೂ ಕೈಗೆ ಸಿಕ್ಕಿದ್ದು ಮರುವರ್ಷವೇ. 1858ರಲ್ಲಿ ಮುಂಡರಗಿ ಭೀಮರಾಯ ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತಿದ್ದೂ ಇದೇ ಕೋಟೆಯಲ್ಲಿ. ಮೇಲೆ ಹತ್ತಿದರೆ ಇಡೀ ಊರು ಕಾಣುತ್ತದೆ. ಕತ್ತಲಾಗುವ ಮೊದಲು ಇಳಿದುಬಿಡಿ.

ಎರಡನೇ ದಿನ ಊರ ಹೊರಗೆ. ಗಾಡಿ ಮಾಡಿಕೊಂಡರೆ ಸುಲಭ. ಬೇಗ ಹೊರಟು ಇಟಗಿ ಮುಟ್ಟಿ, ಸುಮಾರು 22 ಕಿಲೋಮೀಟರ್. ಅಲ್ಲಿನ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ, ಅವನ ಹೆಸರೂ ಮಹಾದೇವನೇ. ಶಾಸನದಲ್ಲೇ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ. ಕಟ್ಟಿಸಿದವರು ಹಾಗೆ ಹೇಳಿಕೊಳ್ಳುವುದು ಸಹಜ ಅಲ್ವಾ ಅಂತ ನನಗೂ ಅನ್ನಿಸಿತ್ತು, ಕಂಬಗಳನ್ನು ಹತ್ತಿರದಿಂದ ನೋಡುವವರೆಗೆ. ಪಕ್ಕದ ಕುಕನೂರಿನಲ್ಲಿ ನವಲಿಂಗ ಗುಡಿ ಇದೆ, ರಾಷ್ಟ್ರಕೂಟರ ಕಾಲದ್ದು. ಅದನ್ನೂ ನೋಡಿ ಬನ್ನಿ.

ವಾಪಸ್ ಬಂದು ಕಿನ್ನಾಳಕ್ಕೆ. ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಮೇಲೆ ಬಣ್ಣ ಬಳಿಯುವ ಚಿತ್ರಗಾರರ ಊರು ಅದು. ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮಾಡುವವರ ಮನೆಗೇ ಹೋಗಿ ಕೊಳ್ಳಿ. ಒಂದು ಗೊಂಬೆ ಹಿಂದೆ ಎಷ್ಟು ದಿನದ ಕೆಲಸ ಇದೆ ಅಂತ ಕೂತು ನೋಡಿದರೆ ಚೌಕಾಸಿ ಮಾಡೋಕೆ ಬಾಯಿ ಬರಲ್ಲ.

ಅಂಜನಾದ್ರಿ, ಆನೆಗೊಂದಿ, ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಕಲ್ಮನೆಗಳು (ಚಪ್ಪಡಿಗಳಿಂದ ಕಟ್ಟಿದ ಸಮಾಧಿಗಳು) ಎಲ್ಲ ಗಂಗಾವತಿ ಕಡೆ. ಅವುಗಳಿಗೆ ಮೂರನೇ ದಿನ ಬೇಕು, ಇದರಲ್ಲೇ ತುರುಕಬೇಡಿ.

ಇನ್ನು ಇಲ್ಲೇ ಇರೋಕೆ ಬರುವವರಿಗೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಕಚೇರಿ, ಮೆಡಿಕಲ್ ಕಾಲೇಜು ಎಲ್ಲ ಬಂದಿವೆ. ಊರು ಮಾತ್ರ ಇನ್ನೂ ಸಣ್ಣದೇ, ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದು ಉಣ್ಣಬಹುದು. ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ಕೂದಲಿನ ವ್ಯಾಪಾರ ನಡೆಯುತ್ತದೆ, ಹೌದು, ತಲೆಕೂದಲೇ, ವಿದೇಶಕ್ಕೂ ಹೋಗುತ್ತದೆ. ಬೇಸರದ ಸಂಗತಿ ಧೂಳು. ಗಿಣಿಗೇರಾ ಕಡೆ ಕಾರ್ಖಾನೆ ಜಾಸ್ತಿ. ಬಾಡಿಗೆ ಮನೆ ನೋಡುವಾಗ ಮಾಳಿಗೆ ಹತ್ತಿ, ಅಂಗೈಯಿಂದ ಒಮ್ಮೆ ನೆಲ ಒರೆಸಿ ನೋಡಿ. ಕೈ ಕರಿ ಆದರೆ ಬೇರೆ ಏರಿಯಾ ನೋಡಿ.

ಹೋಗುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಕಟ್ಟಿಸಿಕೊಳ್ಳಿ. ರೊಟ್ಟಿ ಕೈಯಲ್ಲೇ ಹಿಡಿದುಕೊಳ್ಳಿ. ನನ್ನ ತಮ್ಮ ಒಮ್ಮೆ ಬ್ಯಾಗಿನ ಅಡಿಗೆ ಇಟ್ಟಿದ್ದ, ಬೆಂಗಳೂರು ಮುಟ್ಟಿದ್ದು ಬರೀ ಪುಡಿ. ಮಜ್ಜಿಗೆಗೆ ಹಾಕಿ ಎರಡು ದಿನ ಅದನ್ನೇ ಉಂಡೆವು.