ನ್ಯೂ ಅಂದ ಕೂಡಲೇ ತಡೆಯೋದು ಹೇಗೆ?

ಮಲ್ಪೆಯ ಬೋಟ್‌ಗಳ ಲೆಕ್ಕ ಇಡಲು ಸಿ ಶಾರ್ಪ್‌ನಲ್ಲಿ ಸಣ್ಣ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ತಾರೀಕು ಕೊಟ್ಟರೆ ಟ್ರಿಪ್, ಡೀಸೆಲ್ ಬಿಲ್, ಐಸ್ ಬಿಲ್ ಯಾವುದೂ ಹುಟ್ಟಬಾರದು. 'ನ್ಯೂ' ಅಂದ ಕೂಡಲೇ ಹೊಸ ಆಬ್ಜೆಕ್ಟ್, ಅಂದರೆ ಒಂದು ಟ್ರಿಪ್ ಅಥವಾ ಬಿಲ್, ಹುಟ್ಟುತ್ತದೆ; ಆಗ ಓಡುವ ಕೋಡ್‌ಗೆ ಕನ್‌ಸ್ಟ್ರಕ್ಟರ್ ಅನ್ನುತ್ತಾರೆ. ಮೂರು ಕನ್‌ಸ್ಟ್ರಕ್ಟರ್‌ನಲ್ಲೂ ತಾರೀಕು ನೋಡುವ ಅದೇ ಇಫ್ ಬರೆಯೋದು ಯಾರಿಗೆ ಬೇಕು? ಹೀಗೆ ಅಲ್ಲಲ್ಲಿ ಚದುರುವ ಕೆಲಸವನ್ನು ಒಂದೇ ಕಡೆ ಇಡಲೆಂದೇ 1997ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನ ಗ್ರೆಗರ್ ಕಿಜಾಲೆಸ್ ಮತ್ತು ಜೊತೆಗಾರರು ಆಸ್ಪೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಅನ್ನು ಮುಂದಿಟ್ಟರು.

ಹಾಗಾದರೆ ಕನ್‌ಸ್ಟ್ರಕ್ಟರ್ ಮೇಲೆ ಒಂದು ಆಟ್ರಿಬ್ಯೂಟ್ ಅಂಟಿಸಿದರೆ ಸಾಕಾ? ಸಾಲದು. ಆಟ್ರಿಬ್ಯೂಟ್ ಅಂದರೆ ಸುಮ್ನೆ ಒಂದು ಚೀಟಿ. ಮೀನಿನ ಬಾಕ್ಸ್ ಮೇಲೆ 'ಐಸ್ ಹಾಕಿ' ಅಂತ ಅಂಟಿಸಿದರೆ ಐಸ್ ತಾನಾಗಿ ಬೀಳುತ್ತದಾ? ಓದಿ ಹಾಕುವವರು ಬೇಕು. ಪ್ರೋಗ್ರಾಂ ಓಡುವಾಗ ಮೆಥಡ್ ಕರೆಗಳನ್ನು ನಡುವೆ ಹಿಡಿಯುವ ಲೈಬ್ರರಿ ಕ್ಯಾಸಲ್ ಡೈನಮಿಕ್‌ಪ್ರಾಕ್ಸಿ ಇಲ್ಲಿ ಆಗಿಬರುವುದಿಲ್ಲ. ಅದು ಹಿಡಿಯೋದು ವರ್ಚುವಲ್ ಮೆಥಡ್‌ಗಳನ್ನು (ಮರಿ ಕ್ಲಾಸ್ ಬದಲಿಸಬಹುದಾದವು), ಕನ್‌ಸ್ಟ್ರಕ್ಟರ್ ಅನ್ನು ಅಲ್ಲ. ಕಂಪೈಲ್ ಆದ ಮೇಲೆ ಕೋಡ್‌ನೊಳಗೇ ಕೈ ಹಾಕುವ ಪೋಸ್ಟ್‌ಶಾರ್ಪ್‌ನಂಥ ಉಪಕರಣ ಬೇಕು.

ಮೊದಲು ಪ್ರಾಜೆಕ್ಟ್‌ಗೆ ಪೋಸ್ಟ್‌ಶಾರ್ಪ್ ಪ್ಯಾಕೇಜ್ ಸೇರಿಸಿ. ಆಮೇಲೆ ಅದು ಕೊಡುವ ಸಿದ್ಧ ಕ್ಲಾಸ್ ಆನ್‌ಮೆಥಡ್‌ಬೌಂಡರಿಆಸ್ಪೆಕ್ಟ್‌ನಿಂದ 'ರಜೆತಡೆ' ಅಂತ ಒಂದು ಕ್ಲಾಸ್ ಮಾಡಿ. ಅದರ ತಲೆಗೆ ಪಿ-ಸೀರಿಯಲೈಸಬಲ್ ಅನ್ನೋ ಆಟ್ರಿಬ್ಯೂಟ್ ಹಾಕಿ, ಕನ್‌ಸ್ಟ್ರಕ್ಟರ್‌ನ ಒಳಗಿನ ಸಾಲುಗಳಿಗಿಂತ ಮೊದಲು ಓಡುವ ಆನ್‌ಎಂಟ್ರಿಯನ್ನು ಓವರ್‌ರೈಡ್ ಮಾಡಿ, ಅಂದರೆ ಅದರಲ್ಲಿ ನಿಮ್ಮದೇ ಕೋಡ್ ಬರೆಯಿರಿ. ಒಳಗೆ ತಾರೀಕು ನೋಡಿ. ಜೂನ್ ಅಥವಾ ಜುಲೈ ಆದರೆ ಎಕ್ಸೆಪ್ಶನ್ (ಕೆಲಸ ಅಲ್ಲೇ ನಿಲ್ಲಿಸುವ ದೋಷ ಸೂಚನೆ) ಎಸೆಯಿರಿ. ಕೊನೆಗೆ ಮೂರೂ ಕನ್‌ಸ್ಟ್ರಕ್ಟರ್‌ಗಳ ಮೇಲೆ ಈ ಚೀಟಿ ಅಂಟಿಸಿ, ಬಿಲ್ಡ್ ಮಾಡಿ.

ತಾರೀಕು ಎಲ್ಲಿಂದ ತಗೋತೀರಿ ಅನ್ನೋದರಲ್ಲೇ ಇರೋದು ಮಜಾ. ನಾನು ಮೊದಲ ಸಲ ಆಬ್ಜೆಕ್ಟ್‌ನ ತಾರೀಕು ಪ್ರಾಪರ್ಟಿಯನ್ನೇ ಓದಿದೆ. ಜೂನ್ 15 ಕೊಟ್ಟರೂ ಟ್ರಿಪ್ ಆರಾಮಾಗಿ ಹುಟ್ಟಿತು! ತಲೆ ಕೆರೆದುಕೊಂಡು ಡೀಬಗ್ ಮಾಡಿದರೆ ಕಂಡದ್ದು 01-01-0001. ಕನ್‌ಸ್ಟ್ರಕ್ಟರ್‌ನ ಒಳಗಿನ ಸಾಲು ಇನ್ನೂ ಓಡಿಲ್ಲ, ಪ್ರಾಪರ್ಟಿಗೆ ಬೆಲೆ ಬಿದ್ದಿಲ್ಲ. ಖಾಲಿ ತಾರೀಕು ಅಂದರೆ ಜನವರಿ, ಜನವರಿಯಲ್ಲಿ ರಜೆ ಇಲ್ಲ ಅಲ್ವಾ? ತಾರೀಕನ್ನು ಆರ್ಗ್ಯುಮೆಂಟ್ಸ್‌ನಿಂದಲೇ, ಅಂದರೆ ಕನ್‌ಸ್ಟ್ರಕ್ಟರ್‌ಗೆ ಕೊಟ್ಟ ಬೆಲೆಗಳಿಂದಲೇ, ತೆಗೆದುಕೊಳ್ಳಿ.

ಇನ್ನೊಂದು: ಪರ್ಸಿನ್ (ಸುತ್ತುಬಲೆ) ಟ್ರಿಪ್ ಕ್ಲಾಸ್ ಟ್ರಿಪ್‌ನಿಂದಲೇ ಹುಟ್ಟಿದ್ದರೆ ಎರಡಕ್ಕೂ ಚೀಟಿ ಅಂಟಿಸಬೇಡಿ, ಟ್ರಿಪ್‌ಗೆ ಮಾತ್ರ ಸಾಕು. ತಾಯಿ ಕ್ಲಾಸ್‌ನ ಕನ್‌ಸ್ಟ್ರಕ್ಟರ್ ಹೇಗೂ ಓಡುತ್ತದೆ, ತಪಾಸಣೆ ಎರಡು ಸಲ ಆಗುತ್ತದೆ. ಎಕ್ಸೆಪ್ಶನ್ ಎಸೆಯುವ ಹೊತ್ತಿಗೆ ಮೆಮೊರಿಯಲ್ಲಿ ಜಾಗ ಹಿಡಿದಾಗಿರುತ್ತದೆ ಅನ್ನೋದೂ ನೆನಪಿರಲಿ. ಕ್ಲಾಸ್‌ಗೆ ಫೈನಲೈಸರ್ (ಆಬ್ಜೆಕ್ಟ್ ಮೆಮೊರಿಯಿಂದ ಹೋಗುವ ಮುನ್ನ ಓಡುವ ಕೋಡ್) ಇದ್ದರೆ ಅರ್ಧ ಹುಟ್ಟಿದ ಆ ಟ್ರಿಪ್ ಮೇಲೂ ಅದು ಓಡಬಹುದು. ಹಾಗಾಗಿ ಅಲ್ಲಿ ನಲ್ (ಖಾಲಿ) ಇದೆಯಾ ಅಂತ ನೋಡದೆ ಏನನ್ನೂ ಮುಟ್ಟಬೇಡಿ.