ಸೀರೆ ನೆರಿಗೆ ಹಿಡಿಯುವ ಮರಿಗೆ

ಆಟಿಯ ಮಳೆಗೆ ಅಂಗಳಕ್ಕಿಳಿಯಲಾಗದೆ ಜಗಲಿಯಲ್ಲೇ ಬೆಳೆಯುವ ನಾಯಿಮರಿಗೆ ಮನೆಯವರ ಕೈಕಾಲೇ ಆಟದ ಸಾಮಾನು. ಉಡುಪಿಯ ನಮ್ಮ ಮನೆಯಲ್ಲಿ ಈಗಿರುವುದು ಐದನೆಯದ್ದು, ಕಾಟು ನಾಯಿಯ, ಅಂದರೆ ಬೀದಿನಾಯಿಯ ಮರಿ. ಅದೂ ನನ್ನ ಸೀರೆ ನೆರಿಗೆ ಹಿಡಿದೇ ದೊಡ್ಡದಾಗುತ್ತಿದೆ. ಇದು ಸಿಟ್ಟಿನ ಕಚ್ಚುವಿಕೆ ಅಲ್ಲ. ಮೂರು ನಾಲ್ಕು ತಿಂಗಳಿಗೆ 28 ಹಾಲುಹಲ್ಲು ಉದುರಲು ಶುರುವಾಗಿ, ಆರೇಳು ತಿಂಗಳಾಗುವಾಗ 42 ಹಲ್ಲು ಬಂದಿರುತ್ತವೆ. ಅಷ್ಟು ದಿನ ಪಾಪ, ಅದಕ್ಕೆ ಏನಾದರೂ ಕಚ್ಚುತ್ತಲೇ ಇರಬೇಕು.

ಮರಿಯನ್ನು ಎಂಟು ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಿ ತರಬೇಡಿ. ಜೊತೆಯ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಎಷ್ಟು ಕಚ್ಚಿದರೆ ನೋವು ಎಂದು ಮರಿ ಕಲಿಯುವುದು ಅಲ್ಲಿಯೇ. ನಾವೂ ಹಾಗೇ ಮಾಡಬೇಕು. ಹಲ್ಲು ತಾಗಿದಾಗ ಕೈಯನ್ನು ಚಕ್ಕನೆ ಎಳೆದರೆ ಮರಿಗೆ ಅದು ಓಡುವ ಇಲಿಯ ಹಾಗೆ. ಕೈ ಸಡಿಲ ಬಿಟ್ಟು ಸುಮ್ಮನಿರಿ. ಅದು ಬಿಟ್ಟ ಕೂಡಲೇ ಎದ್ದು ಬಾಗಿಲಾಚೆ ಹೋಗಿ, ಅರ್ಧ ನಿಮಿಷ ನಿಂತು ಬನ್ನಿ. ಮಾತೂ ಬೇಡ, ಬೈಗುಳವೂ ಬೇಡ. ಬಂದ ಮೇಲೆ ಹಳೆಯ ಬೈರಾಸನ್ನು (ಟವೆಲನ್ನು) ಗಂಟು ಹಾಕಿ ಕೊಡಿ. ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟದ್ದಾದರೆ ವಸಡಿಗೆ ತಂಪು. ನೂಲು ಬಿಡತೊಡಗಿದರೆ ಬಿಸಾಡಿ. ತೆಂಗಿನ ಸಿಪ್ಪೆ, ಮಾವಿನ ಗೊರಟು ಬೇಡ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಒಡೆಯುತ್ತದೆ, ಅದೂ ಬೇಡ.

ಹೊಡೆಯಲೇಬೇಡಿ. ನಮ್ಮ ಮೊದಲ ನಾಯಿ ಮರಿಯಾಗಿದ್ದಾಗ ಅದಕ್ಕೆ ಹಿಡಿಸೂಡಿಯಲ್ಲಿ ಪೆಟ್ಟು ಬೀಳುತ್ತಿತ್ತು, ಆಗ ನಮಗೆ ಗೊತ್ತಿದ್ದದ್ದು ಅಷ್ಟೇ. ಅದು ದೊಡ್ಡದಾದ ಮೇಲೆ, ತಲೆ ಸವರಲು ಕೈ ಎತ್ತಿದ ನೆಂಟರ ಹುಡುಗನಿಗೆ ಕಚ್ಚಿತು. ಆ ಹುಡುಗನ ಅಳು ಈಗಲೂ ನನ್ನ ಕಿವಿಯಲ್ಲಿ ಉಂಟು.

ಮರಿಗಿಂತ ಮನೆಯವರಿಗೆ ಕಲಿಸುವುದೇ ಕಷ್ಟ. ನಾನು ಎದ್ದು ಹೋಗುತ್ತೇನೆ, ಮಗ ಬೆರಳು ಆಡಿಸಿ ಕಚ್ಚಿಸಿಕೊಳ್ಳುತ್ತಾನೆ. ಮರಿ ಯಾರದ್ದು ಕೇಳಬೇಕು? ಮನೆಯಲ್ಲಿ ಎಲ್ಲರದ್ದೂ ಒಂದೇ ಕ್ರಮ ಇರಲಿ. ಕಿರುಚಿ ಓಡುತ್ತಿದ್ದ ಮೊಮ್ಮಗಳಿಗೆ "ಕೈ ಕಟ್ಟಿ ಅಡಿಕೆ ಮರದ ಹಾಗೆ ನಿಲ್ಲು ಮಗಾ" ಎಂದು ಹೇಳಿಕೊಟ್ಟೆ. ಈಗ ಅವಳೇ ಅಪ್ಪನಿಗೆ ಹೇಳುತ್ತಾಳೆ. ಹಾಗೆಂದು ಸಣ್ಣ ಮಕ್ಕಳನ್ನೂ ಮರಿಯನ್ನೂ ಅವರಷ್ಟಕ್ಕೆ ಬಿಡಬೇಡಿ, ದೊಡ್ಡವರೊಬ್ಬರು ಹತ್ತಿರ ಬೇಕು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಿ ಹುಚ್ಚು ಹಿಡಿದ ಹಾಗೆ ಓಡಿ ಕಚ್ಚಿದರೆ, ಹೆಚ್ಚಾಗಿ ಅದಕ್ಕೆ ನಿದ್ದೆ ಸಾಲದು. ಸಣ್ಣ ಮರಿಗೆ ದಿನಕ್ಕೆ 18 ಗಂಟೆಯಷ್ಟು ನಿದ್ದೆ ಬೇಕು. ಗೋಣಿ ಹಾಸಿ, ಮೂಲೆಯಲ್ಲಿ ಮಲಗಿಸಿ.

ಹಲ್ಲು ತಾಗಿ ಚರ್ಮ ತರಚಿದರೆ "ಮರಿ ಅಲ್ವಾ" ಎಂದು ಬಿಡಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ, ಸುಣ್ಣ ಅರಶಿನ ಮೆತ್ತದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮರಿಗೆ ಮೂರು ತಿಂಗಳಾಗುವಾಗ ರೇಬಿಸ್ ಲಸಿಕೆ, ಮತ್ತೆ ಡಾಕ್ಟರು ಹೇಳಿದ ಲೆಕ್ಕದಲ್ಲಿ. ಆ ಚೀಟಿಯನ್ನು ನಾನು ರೇಶನ್ ಕಾರ್ಡಿನ ಜೊತೆಗೇ ಇಟ್ಟಿದ್ದೇನೆ.