ಇಮ್ಯಾಟಿನಿಬ್ ಸೇವಿಸುವವರು ಚಕ್ಕೋತ ತಿನ್ನಬೇಡಿ

ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಸೇವಿಸುತ್ತಿರುವ ಗೆಳೆಯರೇ, ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ. ಊಟದ ಜೊತೆಗೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಿದರೆ ವಾಕರಿಕೆ ಬಹಳ ಕಡಿಮೆಯಾಗುತ್ತದೆ. ನುಂಗಿದ ಕೂಡಲೇ ಮಲಗುವುದೂ ಬೇಡ.

ಹಣ್ಣಿನ ವಿಷಯ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ಹಣ್ಣನ್ನು ತಿನ್ನಬಾರದೆಂದು ವೈದ್ಯರು ಹೇಳುತ್ತಾರೆ. ಅದು ನಮ್ಮ ಸಂತೆಗಳಲ್ಲಿ ಸಿಗುವುದೇ ಅಪರೂಪ. ಆದರೆ ದೇವನಹಳ್ಳಿಯ ಹೆಸರುವಾಸಿ ಚಕ್ಕೋತ ಅದರ ಹತ್ತಿರದ ಸಂಬಂಧಿ. ದೇಹದಲ್ಲಿ ಔಷಧವನ್ನು ವಿಭಜಿಸುವ ಕಿಣ್ವವನ್ನು ತಡೆಯುವ ಅಂಶಗಳು ಇದರಲ್ಲೂ ಇವೆ. ಹಾಗಾದಾಗ ರಕ್ತದಲ್ಲಿ ಔಷಧದ ಪ್ರಮಾಣ ಏರಿ, ಅಡ್ಡಪರಿಣಾಮಗಳು ಹೆಚ್ಚಬಹುದು. ನಾಟಿ ಕಷಾಯ, ಗಿಡಮೂಲಿಕೆಯ ಪುಡಿಗಳನ್ನೂ ವೈದ್ಯರಿಗೆ ತೋರಿಸದೆ ಸೇವಿಸಬೇಡಿ.

ಕಾಲಿನ ಸ್ನಾಯು ಸೆಳೆತ, ಬೆಳಗ್ಗೆ ಕಣ್ಣಿನ ಸುತ್ತ ಊತ ಇವೆಲ್ಲ ಸಾಮಾನ್ಯ. ಆದರೂ ವೈದ್ಯರಿಗೆ ತಿಳಿಸಿ. ತೂಕ ದಿಢೀರನೆ ಏರಿದರೆ, ಜ್ವರ ಬಂದರೆ ಕಾಯಬೇಡಿ.

ನನಗೆ ನಿಜವಾಗಿ ಭಯವಾಗುವುದು ‘ಈಗ ಆರಾಮವಾಗಿದ್ದೇನೆ’ ಎಂದು ಮಾತ್ರೆ ಬಿಡುವವರನ್ನು ಕಂಡಾಗ. ಒಂದು ದಿನ ಮರೆತರೆ ಮರುದಿನ ಎರಡು ನುಂಗದೆ ಎಂದಿನಂತೆ ಮುಂದುವರಿಸಿ. ರೋಗ ಎಷ್ಟು ಹತೋಟಿಯಲ್ಲಿದೆ ಎಂದು ತೋರಿಸುವ ಬಿಸಿಆರ್-ಎಬಿಎಲ್ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ಸಮಯಕ್ಕೇ ಮಾಡಿಸಿ, ಹಳೆಯ ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.